ತಳದಲ್ಲಿ ಉಳಿದ ಔಷಧಿ

ನಮ್ಮ ಮಹಿಳಾ ಸಮಾಜದ ಕೈಬರಹದ ಪತ್ರಿಕೆಯನ್ನು ಓದುವ ತಾಯಂದಿರಲ್ಲೂ ಅಕ್ಕಂದಿರಲ್ಲೂ ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಗೆರೆ ಹಾಕಿಕೊಂಡು ಬರೆದರೂ ಸಾಲು ಬಲಗಡೆಗೆ ಹೋಗುತ್ತ ಹೋಗುತ್ತ ಇಳಿದುಬಿಡುತ್ತದೆ. ಮಾತೂ ಅಷ್ಟೇ. ಅಮ್ಮನಿಗೆ ಕಾಯಿಲೆಯಾದ ಮೇಲೆ ನಾನು ಶಾಲೆ ಬಿಟ್ಟವಳು, ದೊಡ್ಡ ಶಬ್ದಗಳು ನನಗೆ ಬರುವುದಿಲ್ಲ. ನಮ್ಮ ಮಧುಗಿರಿಯವರೇ ಆದ ಯಾರಾದರೊಬ್ಬರ ಜೀವನವನ್ನು ಬರೆದುಕೊಡು ಎಂದು ಸಮಾಜದವರು ಹೇಳಿದಾಗ ನನಗೆ ನರ್ಸ್ ಶಿವರುದ್ರಮ್ಮನವರೇ ನೆನಪಾದರು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಅವ್ವ ಇರೋವರೆಗೂ ಇದು ಯಾರ ಬಾಯಿಗೂ ಬೀಳಬಾರದು ಅಂತಿತ್ತು. ಈಗ ಬರಿ" ಎಂದರು. ಕಥೆಯೊಳಗೆ ಅವರನ್ನು ಏಕವಚನದಲ್ಲಿ ಕರೆದಿದ್ದೇನೆ. ಅದಕ್ಕೂ ಅವರೇ, "ಆಗ ನಾನು ಚಿಕ್ಕವಳು, ಹಾಗೇ ಬರಿ" ಎಂದು ಒಪ್ಪಿಗೆ ಕೊಟ್ಟರು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಶಿವರುದ್ರಮ್ಮನ ತವರು ಬೆಟ್ಟದ ಬುಡದ ಬೀದಿ. ಬೇಸಿಗೆಯಲ್ಲಿ ಆ ಒಂಟಿ ಬಂಡೆಯ ಬೆಟ್ಟ ಹಗಲೆಲ್ಲ ಕಾದು, ದೀಪ ಹಚ್ಚುವ ಹೊತ್ತಿಗೆ ಮನೆಗಳ ಮೇಲೆ ಬಿಸಿಯುಸಿರು ಬಿಡುತ್ತದಲ್ಲ, ಆ ಬೀದಿ. ಅವಳನ್ನು ಕೊರಟಗೆರೆಗೆ ಕೊಟ್ಟಿದ್ದರು. ಗಂಡ ಪ್ಲೇಗಿನಲ್ಲಿ ಹೋದ. ಒಂದು ಟ್ರಂಕು, ಎರಡು ಸೀರೆ ಹಿಡಿದುಕೊಂಡು ತಾಯಿ ಬಸವಮ್ಮನ ಮನೆಗೆ ವಾಪಸು ಬಂದಳು. ಅದೇ ವರ್ಷ ಅಣ್ಣ ಅಡವಯ್ಯನ ಹೆಂಡತಿ ಒಂದು ಹೆಣ್ಣುಮಗುವನ್ನು ಹೆತ್ತು ಕಣ್ಣು ಮುಚ್ಚಿದಳು. ಅಡವಯ್ಯ ಗಾಡಿ ಕಟ್ಟಿಕೊಂಡು ಸಿರಾ, ಪಾವಗಡದ ಸಂತೆಗಳಿಗೆ ವಿಭೂತಿ, ಕುಂಕುಮ, ಊದುಬತ್ತಿ ಮಾರಲು ಹೋಗುವವನು. ಮನೆಯಲ್ಲಿ ನಿಲ್ಲುವವನೇ ಅಲ್ಲ. ಮಗುವನ್ನು ತಂದು ತಂಗಿಯ ಮಡಿಲಿಗೆ ಹಾಕಿ, "ನೋಡ್ಕೊಳ್ಳಮ್ಮ" ಎಂದವನು ಮುಖ ತಿರುಗಿಸಿಕೊಂಡು ಹೊರಟುಬಿಟ್ಟ. ಮಗುವಿಗೆ ಜಗದಾಂಬ ಎಂದು ಹೆಸರಿಟ್ಟರು. ಬರಿಗೈಯಲ್ಲಿ ಬಂದವಳಿಗೆ ಕೈ ತುಂಬ ಕೆಲಸವಾಯಿತು. ಅಳುವುದಕ್ಕೂ ಬಿಡುವಿಲ್ಲದಂತಾಯಿತು.

ಅವಳು ಆಸ್ಪತ್ರೆ ಸೇರಿದ್ದೂ ಆ ಮಗುವಿನಿಂದಲೇ. ಜಗದಾಂಬನಿಗೆ ಕಣ್ಣು ಬಂದು ರೆಪ್ಪೆ ಅಂಟಿಕೊಂಡಿದ್ದಾಗ ಎತ್ತಿಕೊಂಡು ಧರ್ಮಾಸ್ಪತ್ರೆಗೆ ಹೋದಳು. ಕಂಪೌಂಡರು ಸಿರಾದ ಕಡೆಯ ನಿಯಾಜ್ ಅಹಮದ್ ಎಂಬುವರು. ಅವರು ತೋರಿಸಿದಂತೆ, ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಗಡೆಗೆ ಒರೆಸಿ, ಒಂದು ಸಲ ಒರೆಸಿದ ಹತ್ತಿಯನ್ನು ಮತ್ತೆ ಮುಟ್ಟದೆ ಎಸೆದಳು. ಮರುದಿನವೂ ಹಾಗೇ ಮಾಡಿದಳು. ನಿಯಾಜ್ ಸಾಬರು ನೋಡುತ್ತ ನಿಂತಿದ್ದವರು, "ಬೇಟಿ, ಹೆಂಗಸರ ವಾರ್ಡಿಗೆ ಒಬ್ಬರು ಬೇಕಾಗಿದ್ದಾರೆ. ನಿನ್ನ ಕೈ ಚೆನ್ನಾಗಿದೆ. ಬರ್ತೀಯಾ?" ಎಂದರು.

ಮನೆಯಲ್ಲಿ ಬಸವಮ್ಮ ಹಾರಾಡಿದಳು. "ಕಂಡೋರ ಕೀವು ರಕ್ತ ಮುಟ್ಟಿದ ಕೈಲಿ ಬಂದು ಲಿಂಗ ಮುಟ್ಟೀಯಾ?"

"ಸೋಪು ಹಾಕಿ ತೊಳೀತೀನಿ ಅವ್ವ."

"ಲಿಂಗ ಒಪ್ತದಾ?"

"ಲಿಂಗ ಏನೂ ಅನ್ನಕಿಲ್ಲ. ಅನ್ನೋಳು ನೀನೇಯ."

ಬಸವಮ್ಮನಿಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಬೇಡವೆನ್ನಲು ಆಗಲಿಲ್ಲ.

ಬಸವಮ್ಮನ ವಿಷಯ ಇಲ್ಲೇ ಹೇಳಿಬಿಡಬೇಕು. ಆ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ, ಕೆಮ್ಮು ಬಂದರೂ ಕಷಾಯಕ್ಕೆ ಅವಳ ಹತ್ತಿರವೇ ಬರುತ್ತಿದ್ದರು. ಅಮೃತಬಳ್ಳಿ, ನೆಲಬೇವು, ಶುಂಠಿ, ಮೆಣಸು ಜಜ್ಜಿ ಹಾಕಿ, ಒಂದು ಚೊಂಬು ನೀರು ಕಾಲು ಚೊಂಬಿಗೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದಳು. ಕುದಿಸಿದ್ದಕ್ಕಿಂತ ಆಮೇಲಿನ ಕೆಲಸವೇ ಅವಳಿಗೆ ಮುಖ್ಯ. ಪಾತ್ರೆಯನ್ನು ಅಲುಗಾಡದ ಕಡೆ ಇಟ್ಟು, ಗಸಿಯೆಲ್ಲ ತಳಕ್ಕೆ ಕೂರುವವರೆಗೆ ಕಾಯುವಳು. ಹತ್ತಿರ ಯಾರಾದರೂ ಜೋರಾಗಿ ನಡೆದರೂ ಗದರಿಸುವಳು. ಆಮೇಲೆ ಉಸಿರು ಬಿಗಿಹಿಡಿದು ಮೇಲಿನ ತಿಳಿಯನ್ನಷ್ಟೇ ಬಟ್ಟಲಿಗೆ ಬಗ್ಗಿಸುವಳು. "ಗಸಿ ಹೋದರೆ ಗಂಟಲು ಕೆರೀತದೆ, ಹೊಟ್ಟೆ ಹಿಡೀತದೆ. ಕಾಯ್ಲೆಯೋರಿಗೆ ತಿಳೀನೇ ಕೊಡಬೇಕು" ಎನ್ನುವಳು. ಉಳಿದ ಗಸಿಯನ್ನು ಯಾರೂ ತುಳಿಯಬಾರದೆಂದು ಹಿತ್ತಲಿನ ನಂದಬಟ್ಟಲ ಗಿಡದ ಬುಡಕ್ಕೆ ಸುರಿಯುವಳು. ಹಾಗೆ ಮಾಡಿ ಎಷ್ಟೋ ಜನರ ಜ್ವರ ಇಳಿಸಿದ್ದಳು. ಅದರಲ್ಲಿ ಸುಳ್ಳಿಲ್ಲ.

ವಾರ್ಡಿನ ಕೆಲಸದಲ್ಲಿ ವರ್ಷಗಳು ಹೋದವು. ಜಗದಾಂಬ ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಶಿವರುದ್ರಮ್ಮನಿಗೆ ಹಾಸಿಗೆ ಹಾಸುವುದು, ಗಾಯ ತೊಳೆಯುವುದು, ಹೆರಿಗೆಯ ಹೆಂಗಸಿನ ಹೊಟ್ಟೆ ಹಿಡಿದು ನೋಡುವುದು ಎಲ್ಲ ಬರುತ್ತಿತ್ತು. ಆದರೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಕೊಡದೆ ನರ್ಸ್ ಎನ್ನಿಸಿಕೊಳ್ಳುವ ಹಾಗಿರಲಿಲ್ಲ. ಪಾಸಾಗದಿದ್ದರೆ ವಾರ್ಡಿಗೆ ಬೇರೆ ಊರಿನಿಂದ ಪಾಸಾದವರನ್ನು ತರುತ್ತಾರೆ ಎಂಬ ಮಾತೂ ಹುಟ್ಟಿತ್ತು. ನಿಯಾಜ್ ಸಾಬರು ತಮಗೆ ಗೊತ್ತಿದ್ದ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟರು. ಓದಿಸುವ ಕೆಲಸ ಜಗದಾಂಬನದಾಯಿತು.

ಅವಳು ಓದಿಸುತ್ತಿದ್ದ ರೀತಿಯನ್ನು ಆ ಬೀದಿಯ ಹನುಮಕ್ಕ ಈಗಲೂ ನಟಿಸಿ ತೋರಿಸುತ್ತಾರೆ. ಅಪ್ಪನ ಹಳೇ ಕೋಟು ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಡಾಕ್ಟರ ಹಾಗೆ ಕೆಮ್ಮುತ್ತ ಜಗಲಿಯ ಮೇಲೆ ಓಡಾಡುವಳು. ಅಜ್ಜಿ ರೋಗಿಯಾಗಿ ಮಲಗಬೇಕು.

"ಏನಮ್ಮ ನರ್ಸಮ್ಮ, ಈ ಮುದುಕಿ ಹಾಸಿಗೆ ಹಿಡಿದು ಭಾಳ ದಿನ ಆಯ್ತು. ಏನು ಮಾಡ್ತೀಯಾ?"

"ಮಗ್ಗುಲು ಬದಲಾಯಿಸ್ತೀನಿ. ಬೆನ್ನು, ಸೊಂಟ, ಹಿಮ್ಮಡಿ ನೋಡ್ತೀನಿ. ಕೆಂಪಗಾಗಿದ್ರೆ ಸ್ಪಿರಿಟ್ ಹಚ್ಚಿ ಒರೆಸಿ ಪೌಡರ್ ಹಾಕ್ತೀನಿ. ಹಾಸಿಗೆ ಸುಕ್ಕಿಲ್ಲದಂಗೆ ಎಳೀತೀನಿ."

"ಯಾಕೆ?"

"ಸುಕ್ಕಿದ್ರೆ ಹುಣ್ಣಾಗ್ತದೆ."

"ಹರಳೆಣ್ಣೆ ಯಾರಿಗೆ ಕೊಡಬಾರದು?"

"ಹೊಟ್ಟೆನೋವು ಯಾಕೆ ಅಂತ ಗೊತ್ತಿಲ್ದೇ ಇರೋರಿಗೆ. ಬಸುರಿಗೆ, ಡಾಕ್ಟ್ರು ಹೇಳ್ದೆ."

"ಅಫೀಮಿನ ಟಿಂಚರು ಕೊಟ್ಟಿದ್ದೀಯ. ರೋಗಿ ನಿದ್ದೆ ಮಾಡ್ತಾವ್ನೆ. ನೀನೂ ಹೋಗಿ ಮಲಗ್ತೀಯಾ?"

"ಇಲ್ಲ. ಉಸಿರು ಎಣಿಸ್ತಾ ಕೂರ್ತೀನಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ರೆ ಡಾಕ್ಟ್ರನ್ನ ಕರೀತೀನಿ."

"ಕ್ವಿನೈನು?"

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ ಮೇಲೆ. ಕಿವಿ ಗುಂಯ್‌ಗುಟ್ತದೆ, ತಲೆ ತಿರುಗ್ತದೆ, ಹೆದರಬೇಡಿ ಅಂತ ಮೊದಲೇ ಹೇಳಬೇಕು. ಜ್ವರ ಬಿಟ್ರೂ ನಿಲ್ಲಿಸಬಾರದು."

"ಏ ಶಿವ್ರುದ್ರಿ," ಎಂದು ಮಲಗಿದ್ದ ಬಸವಮ್ಮ ತಲೆಯೆತ್ತುವಳು, "ನಿಮ್ಮ ಪರೀಕ್ಷೆ ಮುಗಿಯೋ ಹೊತ್ಗೆ ರೋಗಿ ಸತ್ತೇ ಹೋಯ್ತಳೆ. ಒಲೆ ಮ್ಯಾಲೆ ಸಾರು ಉಕ್ತಾ ಐತೆ, ನೋಡ್ರೇ."

"ರೋಗಿ ಮಾತಾಡಬಾರದು!" ಎಂದು ಜಗದಾಂಬ ಅಜ್ಜಿಯ ಬಾಯಿಗೆ ಕಡ್ಡಿ ಇಡುವಳು. ಅದೇ ಥರ್ಮಾಮೀಟರು.

ಮಿಕ್ಸ್ಚರಿನ ಸೀಸೆಯನ್ನು ಕೊಡುವ ಮುಂಚೆ ಅಲ್ಲಾಡಿಸಬೇಕು ಎಂಬುದು ಆ ಕಾಗದದಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಇರುವವರಿಗೆ ಅದು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟೇ ಅಭ್ಯಾಸ. ಅದನ್ನೊಂದು ಪ್ರಶ್ನೆಯೆಂದು ನಿಯಾಜ್ ಸಾಬರಿಗೂ ತೋಚಲಿಲ್ಲ, ಅವಳಿಗೂ ತೋಚಲಿಲ್ಲ.

ಕಾರ್ತಿಕದಲ್ಲಿ ಪರೀಕ್ಷೆ. ಆ ಸಲ ಮಳೆ ಚೆನ್ನಾಗಿ ಆಗಿ ಕೆರೆ ಕಟ್ಟೆ ತುಂಬಿದ್ದವು, ಊರೆಲ್ಲ ಸೊಳ್ಳೆ. ಹೊರಡುವ ಹಿಂದಿನ ದಿನ ಜಗದಾಂಬನಿಗೆ ಚಳಿಜ್ವರ ಬಂತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರು ನೋಡಿ ಮಲೇರಿಯಾ ಎಂದರು. ನಿಯಾಜ್ ಸಾಬರು ಔಷಧಿ ಕಟ್ಟಿಕೊಟ್ಟರು. ದೊಡ್ಡವರಿಗಾದರೆ ಕ್ವಿನೈನನ್ನು ಆಮ್ಲದಲ್ಲಿ ಕರಗಿಸಿ ಕೊಡುತ್ತಿದ್ದರು. ಅದರ ಕಹಿಯನ್ನು ಮಕ್ಕಳು ತಡೆಯಲಾರವೆಂದು, ಮಕ್ಕಳಿಗೆ ಪುಡಿಯನ್ನು ಗೋಂದಿನ ನೀರಿನಲ್ಲಿ ಹಾಗೇ ಕಲಸಿ ಸ್ವಲ್ಪ ಸಿಹಿ ಹಾಕುತ್ತಿದ್ದರು. ಅದು ಕರಗುವುದಿಲ್ಲ. ಸ್ವಲ್ಪ ಹೊತ್ತು ಇಟ್ಟರೆ ಬಿಳೀ ಪುಡಿ ತಳಕ್ಕೆ ಕೂರುತ್ತದೆ, ಮೇಲೆ ನೀರು ನಿಲ್ಲುತ್ತದೆ. ಸೀಸೆಯ ಹೊರಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿರುತ್ತದೆ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಸಲದ ಔಷಧಿ. ಅಲ್ಲಾಡಿಸಿ ಎಂದು ಚೀಟಿಯಲ್ಲಿ ಬರೆದಿತ್ತು. ಅದು ಇಂಗ್ಲಿಷಿನಲ್ಲಿತ್ತು.

ಆ ರಾತ್ರಿ ಮೊದಲನೇ ಸಲದ್ದನ್ನು ಶಿವರುದ್ರಮ್ಮನೇ ಕುಡಿಸಿದಳು. ಬಸವಮ್ಮ ಆಗ ಪೂಜೆಗೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಶಿವರುದ್ರಮ್ಮನ ಕೈ ತಾನಾಗಿಯೇ ಸೀಸೆಯನ್ನು ಅಲ್ಲಾಡಿಸಿತು. ಜಗದಾಂಬ ಮುಖ ಕಿವುಚಿ, ಅರ್ಧ ಉಗಿದು, "ಥೂ, ಇದಕ್ಕಿಂತ ಜ್ವರಾನೇ ವಾಸಿ ಕಣತ್ತೆ" ಎಂದಳು.

ಮಾರನೆಯ ದಿನ ಬೆಳಿಗ್ಗೆ ಬೆವರು ಬಿಟ್ಟು ಮೈ ತಣ್ಣಗಾಯಿತು. ಆದರೂ ಶಿವರುದ್ರಮ್ಮನಿಗೆ ಹೊರಡಲು ಮನಸ್ಸಿರಲಿಲ್ಲ. ಟ್ರಂಕಿಗೆ ಸೀರೆ ಇಟ್ಟು ಮತ್ತೆ ತೆಗೆಯುತ್ತಿದ್ದಳು.

"ಹೋಗತ್ತೆ," ಎಂದಳು ಜಗದಾಂಬ ಕಂಬಳಿಯೊಳಗಿನಿಂದ. "ಇಷ್ಟು ದಿನ ಅರಚಿ ಅರಚಿ ಓದಿಸಿದ್ದೀನಿ. ನೀನು ಹೋಗದೇ ಇದ್ರೆ ನಾನೇ ಫೇಲಾದಂಗೆ."

"ನಾನಿಲ್ವಾ?" ಎಂದಳು ಬಸವಮ್ಮ. "ನೀನು ಹುಟ್ಟೋಕ್ಕೆ ಮುಂಚಿಂದ ಜ್ವರ ನೋಡಿದೋಳು ನಾನು."

ಶಿವರುದ್ರಮ್ಮ ತಾಯಿಗೆ ಸೀಸೆಯನ್ನು ತೋರಿಸಿ ನಿಧಾನವಾಗಿ ಹೇಳಿದಳು. "ಈ ಹಲ್ಲಿಂದ ಈ ಹಲ್ಲಿಗೆ ಒಂದು ಸಲ. ದಿನಕ್ಕೆ ಮೂರು ಸಲ. ಗಂಜಿ ಕುಡಿಸಿದ ಮೇಲೆ. ಜ್ವರ ಬಿಡ್ತು ಅಂತ ನಿಲ್ಲಿಸಬೇಡ. ನಿನ್ನ ಕಷಾಯ ಈಗ ಬೇಡ, ಇದು ಮುಗೀಲಿ. ಮೈ ಸುಟ್ಟರೆ ಒದ್ದೆ ಬಟ್ಟೆ ಹಾಕು. ಮಂಕಾದ್ರೆ ಒಂದು ಗಳಿಗೇನೂ ಕಾಯಬೇಡ, ಆಸ್ಪತ್ರೆಗೆ ಎತ್ಕೊಂಡು ಹೋಗು."

"ಎಷ್ಟು ಸಲ ಹೇಳೀಯೆ? ಔಷಧಿ ಕೊಡೋದು ನನಗೇನು ಹೊಸದಾ? ಬಸ್ಸು ಹೊಂಟೋಯ್ತದೆ, ಓಗು."

ಎಲ್ಲ ಹೇಳಿದ್ದೇನೆ ಎಂದು ಶಿವರುದ್ರಮ್ಮ ನೆಮ್ಮದಿಯಾಗಿ ಬಸ್ಸು ಹತ್ತಿದಳು.

ಬೆಂಗಳೂರಿನಲ್ಲಿ ದೂರದ ನೆಂಟರ ಮನೆಯಲ್ಲಿ ಇಳಿದುಕೊಂಡಳು. ಬರೆಯುವ ಪರೀಕ್ಷೆ ಆಯಿತು. ಬ್ಯಾಂಡೇಜು ಕಟ್ಟಿ ತೋರಿಸುವುದಾಯಿತು. ಪ್ರತಿ ಪ್ರಶ್ನೆಯೂ ಕೋಟು ಹಾಕಿಕೊಂಡ ಪುಟ್ಟ ಡಾಕ್ಟರ ದನಿಯಲ್ಲೇ ಕೇಳಿಸುತ್ತಿತ್ತಂತೆ. ಕೊನೆಯಲ್ಲಿ ಬಾಯಿಮಾತಿನ ಪರೀಕ್ಷೆ. ಒಬ್ಬ ಲೇಡಿ ಡಾಕ್ಟರು ಮೇಜಿನ ಹಿಂದೆ ಕೂತಿದ್ದರು. ಅವರ ಮುಂದೆ ಒಂದು ಔಷಧಿ ಸೀಸೆ. ಬೆಳಗಿನಿಂದ ಯಾರೂ ಮುಟ್ಟಿರಲಿಲ್ಲವೆಂದು ಕಾಣುತ್ತದೆ. ಮೇಲೆ ತಿಳಿನೀರು, ತಳದಲ್ಲಿ ಬಿಳೀ ಗಸಿ.

"ಇದು ಒಂದು ಮಗುವಿಗೆ ಕ್ವಿನೈನ್ ಮಿಕ್ಸ್ಚರು. ಮನೆಗೆ ಕೊಟ್ಟು ಕಳಿಸುತ್ತಿದ್ದೀಯ. ಮನೆಯವರಿಗೆ ಏನೇನು ಹೇಳಬೇಕು?"

ಶಿವರುದ್ರಮ್ಮ ಹೇಳಿದಳು. ಹಲ್ಲಿನ ಲೆಕ್ಕ ಹೇಳಿದಳು. ಗಂಜಿಯಾದ ಮೇಲೆ ಎಂದಳು. ಕಿವಿ ಗುಂಯ್‌ಗುಡುವುದನ್ನು, ಒದ್ದೆ ಬಟ್ಟೆಯನ್ನು, ಮಂಕಾದರೆ ಕರೆತರಬೇಕೆಂಬುದನ್ನು ಹೇಳಿದಳು.

"ಸರಿ. ಇನ್ನೇನಾದರೂ?"

ಶಿವರುದ್ರಮ್ಮ ಸೀಸೆಯನ್ನು ನೋಡಿದಳು. ತಳವನ್ನು ನೋಡಿದಳು. "ಕೊಡುವ ಮುಂಚೆ ಪ್ರತಿ ಸಲವೂ ಅಲ್ಲಾಡಿಸಬೇಕು ಅಂತ..." ಎಂದು ಬಾಯಿ ಹೇಳುತ್ತಿತ್ತು. ಹೇಳುತ್ತಿದ್ದ ಹಾಗೇ ಅವಳ ಕಣ್ಣ ಮುಂದೆ, ಉಸಿರು ಬಿಗಿಹಿಡಿದು ಬಟ್ಟಲಿಗೆ ತಿಳಿ ಬಗ್ಗಿಸುತ್ತಿದ್ದ ತಾಯಿಯ ಕೈ ಬಂತು.

"ಯಾಕೆ ಅಲ್ಲಾಡಿಸಬೇಕು?"

"ಇಲ್ಲದೇ ಇದ್ದರೆ ಔಷಧಿಯೆಲ್ಲ ತಳದಲ್ಲೇ ಉಳೀತದೆ ಅಮ್ಮ. ಮಗುವಿಗೆ ಬರೀ ನೀರು ಹೋಗ್ತದೆ."

"ಬಹಳ ಚೆನ್ನಾಗಿ ಹೇಳಿದೆ" ಎಂದರು ಲೇಡಿ ಡಾಕ್ಟರು. "ಇದನ್ನು ಎಲ್ಲರೂ ಮರೆಯುತ್ತಾರೆ. ಯಾಕಮ್ಮ, ನೀರು ಬೇಕಾ?"

ಆ ದಿನದ ರೈಲು ತಪ್ಪಿತ್ತು. ಮಾರನೆಯ ದಿನ ತುಮಕೂರಿನಲ್ಲಿ ಇಳಿದು ಬಸ್ಸು ಹತ್ತಿದಳು. ಕೊರಟಗೆರೆಯಲ್ಲಿ ಡ್ರೈವರು ಕಾಫಿಗೆ ಇಳಿದಾಗ, ಸತ್ತ ಗಂಡನ ಊರಿನ ಆ ರಸ್ತೆಯಲ್ಲಿ ನಿಂತು, ಯಾರ ಗುರುತೂ ಹಿಡಿಯದೆ, "ಬೇಗ ಹೊರಡ್ರಪ್ಪಾ, ಬೇಗ ಹೊರಡ್ರಪ್ಪಾ" ಎಂದು ಗೋಗರೆದಳಂತೆ. ಒಂದು ದಿನದ್ದಾದರೂ ತಳ ಉಳಿದಿದ್ದರೆ, ಅಲ್ಲಾಡಿಸಿ ಕೊಟ್ಟುಬಿಡುತ್ತೇನೆ ಎನ್ನುವುದೊಂದೇ ಅವಳ ತಲೆಯಲ್ಲಿ.

ಮಧುಗಿರಿಯಲ್ಲಿ ಬಸ್ಸು ನಿಂತಾಗ ನಿಯಾಜ್ ಸಾಬರು ನಿಂತಿದ್ದರು. ಅದು ಆಸ್ಪತ್ರೆಯಲ್ಲಿ ಜನ ತುಂಬಿರುವ ಹೊತ್ತು. ಆ ಹೊತ್ತಿನಲ್ಲಿ ಅವರು ಔಷಧಿ ಕೊಡುವ ಕಿಟಕಿ ಬಿಟ್ಟು ಕದಲಿದ್ದನ್ನು ಯಾರೂ ನೋಡಿದವರಿಲ್ಲ. ಅವರು ಅವಳ ಕೈಯಿಂದ ಟ್ರಂಕನ್ನು ತೆಗೆದುಕೊಂಡರು.

ಜ್ವರ ತಿರುಗಿ ಬಂದು ತಲೆಗೆ ಏರಿತ್ತಂತೆ. ಸೆಳವು ಬಂದ ಕೂಡಲೇ ಬಸವಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, ಸೆರಗು ಜಾರಿದ್ದೂ ತಿಳಿಯದೆ ಆಸ್ಪತ್ರೆಗೆ ಓಡಿಬಂದಳಂತೆ. ಡಾಕ್ಟರು ಕ್ವಿನೈನನ್ನು ಸೂಜಿಯಲ್ಲಿ ಕೊಟ್ಟರು. ಹೊತ್ತು ಮೀರಿತ್ತು. ಸಂತೆಯಿಂದ ಅಡವಯ್ಯ ಬಂದ ಮೇಲೆ ಸಮಾಧಿ ಮಾಡಿದರು. ಶಿವರುದ್ರಮ್ಮ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮನೆಯಲ್ಲಿ ಬಸವಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಗಳನ್ನು ಕಂಡವಳೇ ಎರಡೂ ಕೈ ಹಿಡಿದುಕೊಂಡಳು.

"ನೀನು ಹೇಳ್ದಂಗೇ ಕೊಟ್ಟೆ ಕಣಮ್ಮ. ಹಲ್ಲಿಂದ ಹಲ್ಲಿಗೆ. ಒಂದು ಹೊತ್ತೂ ತಪ್ಪಿಸ್ಲಿಲ್ಲ. ಒಂದು ತೊಟ್ಟು ಗಸಿ ಕೂಸಿನ ಬಾಯಿಗೆ ಹೋಗದಂಗೆ ಬಸಿದು ಬಸಿದು ಕೊಟ್ಟೆ. ಅದು ಮುಗಿದ ಮ್ಯಾಲೆ ಆಸ್ಪತ್ರೆಯಿಂದ ತಂದ ಎಲ್ಡನೇ ಸೀಸೆನೂ ಅಂಗೇ ಕೊಟ್ಟೆ. 'ಅಜ್ಜಿ, ನೀನು ಕೊಟ್ರೆ ಕಹೀನೇ ಇಲ್ಲ' ಅಂತಿತ್ತು. ಇನ್ನೇನು ಮಾಡಬೇಕಿತ್ತು ನಾನು? ಏನಾದ್ರೂ ತಪ್ಪು ಮಾಡಿದ್ನಾ? ಹೇಳು."

ಶಿವರುದ್ರಮ್ಮ ತಾಯಿಯ ಮುಖವನ್ನು ನೋಡಿದಳು.

"ಇಲ್ಲ ಅವ್ವ. ಚೆನ್ನಾಗೇ ಕೊಟ್ಟಿದ್ದೀಯ."

ಆಮೇಲೆ ಕೈಕಾಲು ತೊಳೆಯುತ್ತೇನೆಂದು ಹಿತ್ತಲಿಗೆ ಹೋದಳು. ನಂದಬಟ್ಟಲ ಗಿಡದ ಬುಡದಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೆರಳಲ್ಲಿ ಮುಟ್ಟಿ ನಾಲಗೆಗೆ ಇಟ್ಟುಕೊಂಡಳು. ವಿಷದಂಥ ಕಹಿ. ಸೆರಗನ್ನು ಬಾಯಿಗೆ ತುರುಕಿಕೊಂಡು, ದನಿ ಒಳಗೆ ಕೇಳದ ಹಾಗೆ ಅತ್ತಳು.

ಒಬ್ಬರಿಗೆ ಮಾತ್ರ ಹೇಳಿದಳು, ನಿಯಾಜ್ ಸಾಬರಿಗೆ. ಅವರು ತಕ್ಕಡಿಯ ತಟ್ಟೆಯನ್ನು ಒರೆಸುತ್ತ, "ಸರಿಯಾಗಿ ಹೋಗಿದ್ದರೂ ಉಳೀತಿತ್ತೋ ಇಲ್ಲವೋ, ಖುದಾಗೇ ಗೊತ್ತು ಬೇಟಿ" ಎಂದರು. ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಆಗಲಿಲ್ಲ.

ಅವಳು ಪಾಸಾಗಿದ್ದಳು. ಬಾಯಿಮಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಬಂದಿತ್ತು. ಸುದ್ದಿ ತಿಳಿದ ದಿನ ಅಡವಯ್ಯ ಬೆಲ್ಲ ತಂದ. ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಕೋಟು ಗೂಟದಲ್ಲಿ ಹಾಗೇ ನೇತಾಡುತ್ತಿತ್ತು.

ಅಂದಿನಿಂದ ಅವಳು ನರ್ಸ್ ಶಿವರುದ್ರಮ್ಮ. ವಾರ್ಡಿನ ಕೆಲಸದ ಜೊತೆಗೆ ಔಷಧಿ ಕೊಡುವ ಕಿಟಕಿಯಲ್ಲೂ ನಿಲ್ಲುತ್ತಿದ್ದಳು. ಪ್ರತಿಯೊಬ್ಬರ ಎದುರಿಗೂ ಸೀಸೆಯನ್ನು ಅಲ್ಲಾಡಿಸಿ ತೋರಿಸಿ, ಅವರ ಕೈಯಲ್ಲೂ ಅಲ್ಲಾಡಿಸಿ, ಆಮೇಲೇ ಕಳಿಸುವಳು. ಸೋಮವಾರ ಮಾತ್ರ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಸೋಮವಾರ ಬಸವಮ್ಮ ಮಲ್ಲೇಶ್ವರನ ಗುಡಿಗೆ ಹೋಗಿ, ಹಾಗೇ ಮಗಳಿಗೆ ಬುತ್ತಿ ತಂದು, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು. ಅವಳ ಕಿವಿಗೆ ಆ ಮಾತು ಬಿದ್ದರೆ? ಅದಕ್ಕೇ ಸೋಮವಾರ ಕಿಟಕಿಗೆ ನಿಯಾಜ್ ಸಾಬರು ನಿಲ್ಲುವರು. ಜನರನ್ನು ಆಚೆಗೆ ಕರೆದು, ಮೆಲ್ಲಗೆ ಹೇಳಿ ಕಳಿಸುವರು. ಹೀಗೆ ಬಹಳ ದಿನ ನಡೆಯಿತು.

ಒಂದು ಸೋಮವಾರ ನಿಯಾಜ್ ಸಾಬರು ಮನೆಯ ಮದುವೆಗೆಂದು ಸಿರಾಕ್ಕೆ ಹೋಗಿದ್ದರು. ಪಾವಗಡದ ಕಡೆಯ ಹೆಂಗಸೊಬ್ಬಳು ಸೊಂಟದಲ್ಲಿ ಮಗು ಇಟ್ಟುಕೊಂಡು ಬಂದಳು. ಮಗುವಿಗೆ ಚಳಿಜ್ವರ. ಹೊರಗೆ ಗಾಡಿ ಕಾಯುತ್ತಿತ್ತು, ಗಾಡಿಯವನು ಕೂಗುತ್ತಿದ್ದ. ಬೆಂಚಿನ ಮೇಲೆ ಬಸವಮ್ಮ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಶಿವರುದ್ರಮ್ಮ ಸೀಸೆ ಕೊಟ್ಟು, ಹಲ್ಲು ತೋರಿಸಿ, ದನಿ ತಗ್ಗಿಸಿ, "ಇದನ್ನ ಅಲ್ಲಾಡಿಸಿ ಕೊಡಬೇಕು" ಎಂದಳು.

ಹೆಂಗಸಿಗೆ ಕೇಳಿಸಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು. "ನಾಕು ತೆಲುಸಮ್ಮಾ, ನಂಗೊತ್ತು. ಗಸಿ ಬುಟ್ಟು ಮ್ಯಾಲಿನ ತಿಳಿ, ತೇಟ ಮಾತ್ರ ಕುಡಿಸ್ತೀನಿ. ನಮ್ಮತ್ತೆ ಅಂಗೇ ಮಾಡೋದು." ಹೇಳುತ್ತಲೇ ಹೊರಟಳು.

ಶಿವರುದ್ರಮ್ಮ ಬೆಂಚಿನ ಕಡೆಗೆ ನೋಡಿದಳು. ಮಗುವಿನ ಕಡೆಗೆ ನೋಡಿದಳು. ಅದು ತಾಯಿಯ ಹೆಗಲ ಮೇಲಿನಿಂದ ಕೆಂಪು ಕಣ್ಣು ಬಿಟ್ಟು ಇವಳನ್ನೇ ನೋಡುತ್ತಿತ್ತು.

"ನಿಲ್ಲಮ್ಮಾ!" ಎಂದು ಕೂಗಿದಳು. ಕಿಟಕಿ ಬಿಟ್ಟು ಹೊರಗೆ ಓಡಿಬಂದು ಹೆಂಗಸಿನ ಮುಂಗೈ ಹಿಡಿದಳು. "ತೇಟ ಕೊಡಬೇಡ. ತೇಟ ಬರೀ ನೀರು. ಔಷಧಿಯೆಲ್ಲ ಈ ಗಸೀಲೇ ಇರೋದು. ಅಲ್ಲಾಡಿಸದೇ ಕೊಟ್ರೆ ಮಗು ಉಳಿಯಲ್ಲ. ಎಲ್ಲಿ, ನನ್ನ ಎದುರಿಗೆ ಅಲ್ಲಾಡಿಸು. ಇನ್ನೂ ಜೋರಾಗಿ!"

ಹೆಂಗಸು ಗಾಬರಿಯಾಗಿ ಅಲ್ಲಾಡಿಸಿದಳು. ಬಿಳೀ ಗಸಿ ಎದ್ದು ಸೀಸೆಯೆಲ್ಲ ಹಾಲಿನ ಹಾಗಾಯಿತು. "ಅಟ್ಲೇನಮ್ಮಾ, ಅಂಗೇ ಮಾಡ್ತೀನಿ" ಎನ್ನುತ್ತ ಗಾಡಿ ಹತ್ತಿದಳು.

ಶಿವರುದ್ರಮ್ಮ ತಿರುಗಿ ನೋಡಿದಾಗ ಬೆಂಚಿನ ಮೇಲೆ ಬುತ್ತಿ ಬಿಚ್ಚಿದ ಹಾಗೇ ಇತ್ತು. ಬಸವಮ್ಮ ಇರಲಿಲ್ಲ. ಕಿಟಕಿಯಲ್ಲಿ ಇನ್ನೂ ಜನ ಸಾಲು ನಿಂತಿದ್ದರು. ಅವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಒಬ್ಬೊಬ್ಬರಿಗೂ ಸೀಸೆ ಅಲ್ಲಾಡಿಸಿ ತೋರಿಸಿ ಕಳಿಸಿ, ಬಾಗಿಲು ಹಾಕಿದ ಮೇಲೆ ಮನೆಗೆ ಬಂದಳು.

ಬಸವಮ್ಮ ಹಿತ್ತಲಲ್ಲಿ ನಂದಬಟ್ಟಲ ಗಿಡದ ಮುಂದೆ ಕೂತಿದ್ದಳು. ಗಿಡದ ತುಂಬ ಹೂವು. ಅಂದಿನ ಪೂಜೆಗೂ ಅದರದೇ ಹೂವು ಕಿತ್ತಿದ್ದಳು.

"ಅವತ್ತೇ ಗೊತ್ತಿತ್ತಾ ನಿಂಗೆ?"

"ಹೂಂ ಅವ್ವ."

"ಅಂಗಾದ್ರೆ ನಾನು ಕೊಟ್ಟಿದ್ದು ಬರೀ ನೀರಾ?"

ಶಿವರುದ್ರಮ್ಮ ತಾಯಿಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು.

"ಕಹಿ ಇಲ್ಲ ಅಜ್ಜಿ ಅಂತು ಕೂಸು. ನನ್ನ ಕೈಗುಣ ಅಂದ್ಕೊಂಡೆನಲ್ಲೇ."

"ನಾನು ಹೇಳಿದ್ದನ್ನೆಲ್ಲ ನೀನು ಮಾಡ್ದೆ ಅವ್ವ. ಹೇಳ್ದೇ ಹೋದೋಳು ನಾನು."

ಬಸವಮ್ಮ ಗಿಡದ ಬುಡದ ಮಣ್ಣನ್ನು ಸವರುತ್ತ, "ಹೇಳಬೇಕಿತ್ತು ನೀನು" ಎಂದಳು. ಸೀಸೆಯನ್ನು ಅಲ್ಲಾಡಿಸು ಎಂದು ಮೊದಲೇ ಹೇಳಬೇಕಿತ್ತು ಎಂದಳೋ, ಮಗು ಹೋದ ದಿನವೇ ನಿಜ ಹೇಳಬೇಕಿತ್ತು ಎಂದಳೋ ಶಿವರುದ್ರಮ್ಮ ಕೇಳಲಿಲ್ಲ. ಕೇಳುವ ಧೈರ್ಯ ಕೊನೆಯವರೆಗೂ ಬರಲಿಲ್ಲವಂತೆ.

ಆಮೇಲೆ ಬಸವಮ್ಮ ಯಾರಿಗೂ ಕಷಾಯ ಕಾಸಲಿಲ್ಲ. ಬೀದಿಯವರು ಬಂದು ಕೇಳಿದರೆ, "ನನ್ನ ಕೈಲಿ ಆಗಕಿಲ್ಲ ಬುಡ್ರವ್ವ, ಆಸ್ಪತ್ರೆಗೆ ಹೋಗ್ರಿ" ಎನ್ನುತ್ತಿದ್ದಳು. ಸೋಮವಾರದ ಬುತ್ತಿಯನ್ನು ಮಾತ್ರ ನಿಲ್ಲಿಸಲಿಲ್ಲ. ಆದರೆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಬಾಗಿಲ ಹತ್ತಿರ ಇಟ್ಟು ಹೋಗಿಬಿಡುತ್ತಿದ್ದಳು.

ಹೋದ ವರ್ಷ ಬಸವಮ್ಮ ಹಾಸಿಗೆ ಹಿಡಿದಳು. ಶಿವರುದ್ರಮ್ಮ ಮಗ್ಗುಲು ಬದಲಾಯಿಸಿದಳು, ಬೆನ್ನು ಒರೆಸಿದಳು, ಹಾಸಿಗೆಯನ್ನು ಸುಕ್ಕಿಲ್ಲದ ಹಾಗೆ ಎಳೆದಳು. ಒಂದು ಹುಣ್ಣೂ ಆಗಲು ಬಿಡಲಿಲ್ಲ. ಕೆಮ್ಮಿನ ಮಿಕ್ಸ್ಚರು ತಂದಾಗ ಬಸವಮ್ಮ ಕೈ ಚಾಚಿ ಸೀಸೆಯನ್ನು ತಾನೇ ಇಸಿದುಕೊಂಡಳು. ಕೈಯಲ್ಲಿ ಶಕ್ತಿಯಿರಲಿಲ್ಲ, ಆದರೂ ಅಲ್ಲಾಡಿಸತೊಡಗಿದಳು. ಅಲ್ಲಾಡಿಸುತ್ತಲೇ ಇದ್ದಳು. ಆ ಮಿಕ್ಸ್ಚರಿನಲ್ಲಿ ಗಸಿಯೇ ಇರಲಿಲ್ಲ. "ಸಾಕು ಅವ್ವ" ಎಂದು ಶಿವರುದ್ರಮ್ಮ ಮುಂಗೈ ಹಿಡಿಯುವವರೆಗೂ ನಿಲ್ಲಿಸಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೇ ಲಿಂಗೈಕ್ಯಳಾದಳು.

ಶಿವರುದ್ರಮ್ಮನವರ ಕಥೆ ನನಗೆ ತಿಳಿದಿರುವುದು ಇಷ್ಟೇ. ಅವರು ಈಗಲೂ ಅದೇ ಕಿಟಕಿಯಲ್ಲಿ ನಿಲ್ಲುತ್ತಾರೆ. ನನ್ನ ಅಮ್ಮನಿಗೂ ಅಲ್ಲಿಯದೇ ಔಷಧಿ. ಸೀಸೆಯನ್ನು ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಈ ಹಾಳೆಗಳನ್ನು ಸಮಾಜದ ಮನೆಯಲ್ಲಿ ಕೊಟ್ಟು, ಆಸ್ಪತ್ರೆಗೆ ಹೋಗಿ ಔಷಧಿ ತರುತ್ತೇನೆ. ಅಮ್ಮನಿಗೆ ಗಂಜಿ ಕುಡಿಸಿದ ಮೇಲೆ ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ ಔಷಧಿ ಕೊಡುತ್ತೇನೆ.